ಡೆಪ್ತ್ ಚಾರ್ಟ್‌ನ ಮೂರನೇ ಹೆಸರು: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವಸಂತದ ಅಭ್ಯಾಸ ಬದಲಾದ ಬಗೆ

2025ರ ಏಪ್ರಿಲ್ 11ರಂದು ಟೆನೆಸಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಭ್ಯಾಸಕ್ಕೆ ಅದರ ಮೊದಲ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ನಿಕೊ ಇಯಾಮಲಿಯಾವಾ ಬರಲಿಲ್ಲ. ಮರುದಿನ ನಾಕ್ಸ್‌ವಿಲ್‌ನಲ್ಲಿ ವಸಂತ ಋತುವಿನ ಪ್ರದರ್ಶನ ಪಂದ್ಯವಿತ್ತು. ಹಿಂದಿನ ಋತುವಿನಲ್ಲಿ ತಂಡವನ್ನು ರಾಷ್ಟ್ರೀಯ ಪ್ಲೇಆಫ್‌ವರೆಗೆ ಕರೆದೊಯ್ದಿದ್ದ ಈ ಆಟಗಾರನಿಲ್ಲದೆಯೇ ತಂಡ ಮುಂದುವರಿಯಲಿದೆ ಎಂದು ಮುಖ್ಯ ತರಬೇತುದಾರ ಜಾಷ್ ಹೈಪಲ್ ಪಂದ್ಯದ ದಿನವೇ ತಿಳಿಸಿದರು. ಸಂಭಾವನೆಯ ಕುರಿತ ಮಾತುಕತೆ ಮುರಿದುಬಿದ್ದದ್ದು ಇದಕ್ಕೆ ಕಾರಣವೆಂದು ಮಾಧ್ಯಮಗಳು ವರದಿ ಮಾಡಿದವು; ಕ್ಯಾಲಿಫೋರ್ನಿಯಾದಲ್ಲಿರುವ ಮನೆಯವರಿಗೆ ಹತ್ತಿರವಾಗಿರಬೇಕೆಂಬ ಆಸೆಯೇ ಮುಖ್ಯ ಕಾರಣವೆಂದು ಇಯಾಮಲಿಯಾವಾ ನಂತರ ಹೇಳಿದರು. ಅವರು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ತಂಡವನ್ನು ಸೇರಿದರು. ಕೆಲವೇ ತಿಂಗಳ ಹಿಂದೆ ಅಪಲೇಚಿಯನ್ ಸ್ಟೇಟ್‌ನಿಂದ ಯುಸಿಎಲ್‌ಎಗೆ ಬಂದು, ಅಲ್ಲಿ ವಸಂತದ ಅಭ್ಯಾಸವನ್ನೂ ಮಾಡಿದ್ದ ಜೋಯಿ ಅಗಿಲಾರ್ ಅಲ್ಲಿಂದ ಹೊರಟು ಟೆನೆಸಿಗೆ ಬಂದು, ಆ ವರ್ಷದ ಋತುವನ್ನು ಅಲ್ಲಿಯ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು.

ಈ ಅದಲುಬದಲಿನಲ್ಲಿ ಹೆಚ್ಚು ಚರ್ಚೆಗೆ ಬಂದವರು ಈ ಇಬ್ಬರೇ. ಆದರೆ ಪ್ರತಿ ಸ್ಥಾನಕ್ಕೂ ಆಟಗಾರರನ್ನು ಕ್ರಮವಾಗಿ ಬರೆದ ಟೆನೆಸಿಯ ಪಟ್ಟಿಯಲ್ಲಿ, ಅಂದರೆ ಡೆಪ್ತ್ ಚಾರ್ಟ್‌ನಲ್ಲಿ, ಇಯಾಮಲಿಯಾವಾ ಅವರ ಕೆಳಗೆ ಇನ್ನೂ ಇಬ್ಬರು ಯುವಕರ ಹೆಸರಿತ್ತು. ಒಬ್ಬರು ವಿಶ್ವವಿದ್ಯಾಲಯಕ್ಕೆ ಬಂದು ಒಂದು ವರ್ಷವಷ್ಟೇ ಆಗಿತ್ತು, ಇನ್ನೊಬ್ಬರು ಅದೇ ಜನವರಿಯಲ್ಲಿ ಹೈಸ್ಕೂಲ್ ಮುಗಿಸಿ ಬಂದಿದ್ದರು. ಒಂದು ವಾರಾಂತ್ಯದ ಮಟ್ಟಿಗೆ ಅವರಿಬ್ಬರೂ ಪಟ್ಟಿಯ ತುದಿಗೆ ಏರಿದರು, ಹೊರಗಿನಿಂದ ಮತ್ತೊಬ್ಬ ಬಂದೊಡನೆ ಕೆಳಗಿಳಿದರು. ಕಾಲೇಜು ಫುಟ್‌ಬಾಲ್‌ನಲ್ಲಿ ಹಣ ಹೆಚ್ಚಾಯಿತು, ವಲಸೆ ಹೆಚ್ಚಾಯಿತು ಎಂಬ ಮಾತು ಈಗ ಹಳೆಯದಾಗಿದೆ. ಆ ಬದಲಾವಣೆ ಪಟ್ಟಿಯ ಎರಡನೇ ಮತ್ತು ಮೂರನೇ ಸಾಲಿನಲ್ಲಿರುವವರ ಕಲಿಕೆಗೆ ಏನು ಮಾಡಿತು ಎಂಬ ಪ್ರಶ್ನೆಯನ್ನು ಮಾತ್ರ ಬೇಕಾದಷ್ಟು ಯಾರೂ ಕೇಳಿಲ್ಲ. 2026ರ ವಸಂತದಿಂದ ನಿಯಮಗಳು ಮತ್ತೊಮ್ಮೆ ಬದಲಾಗಿರುವುದರಿಂದ ಅದನ್ನು ಈಗ ಬಿಡಿಸಿ ನೋಡಬೇಕಾಗಿದೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದಿದ ಅಥವಾ ಆ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಶನಿವಾರದ ಪಂದ್ಯಗಳ ಗದ್ದಲ ಪರಿಚಿತವೇ ಆಗಿರುತ್ತದೆ. ಉಳಿದವರಿಗಾಗಿ ಆಟದ ರಚನೆಯನ್ನು ಚುಟುಕಾಗಿ ಹೇಳುವುದು ಅಗತ್ಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೇ ತಂಡಕ್ಕೆ ದಾಳಿ ಮಾಡುವ 11 ಜನ ಬೇರೆ, ರಕ್ಷಣೆ ಮಾಡುವ 11 ಜನ ಬೇರೆ. ಚೆಂಡನ್ನು ಒದೆಯುವ, ಒದ್ದ ಚೆಂಡನ್ನು ಹಿಡಿದು ಓಡುವ ಕೆಲಸಗಳಿಗೆ ಮತ್ತೆ ಕೆಲವು ತಜ್ಞರು. ಈ ಪ್ರತಿಯೊಂದು ಸ್ಥಾನಕ್ಕೂ ಮೊದಲು ಯಾರು, ಅವರಿಗೆ ಗಾಯವಾದರೆ ಅಥವಾ ದಣಿವಾದರೆ ಯಾರು, ಆ ನಂತರ ಯಾರು ಎಂದು ಕ್ರಮವಾಗಿ ಬರೆದ ಪಟ್ಟಿಯೇ ಡೆಪ್ತ್ ಚಾರ್ಟ್. ನಮ್ಮ ಪತ್ರಿಕೆಗಳಲ್ಲಿ ರಣಜಿ ಋತುವಿಗೆ ಮೊದಲು ಬರುವ ಸಂಭಾವ್ಯ ಆಟಗಾರರ ಪಟ್ಟಿಯನ್ನು ಇದಕ್ಕೆ ಹೋಲಿಸಬಹುದಾದರೂ ವ್ಯತ್ಯಾಸ ದೊಡ್ಡದು. ಅಲ್ಲಿ ಹೆಸರಿದ್ದರೆ ಶಿಬಿರಕ್ಕೆ ಕರೆ ಬರುತ್ತದೆ, ಅಷ್ಟೆ. ಇಲ್ಲಿ ಹೆಸರು ಎಷ್ಟನೆಯದು ಎಂಬುದು ಆ ಆಟಗಾರ ಅಭ್ಯಾಸದ ಹೊತ್ತಿನಲ್ಲಿ ಎಷ್ಟು ಸಲ ಮೈದಾನಕ್ಕಿಳಿಯುತ್ತಾನೆ ಎಂಬುದನ್ನೇ ನಿರ್ಧರಿಸುತ್ತದೆ.

ಒಂದು ದಿನದ ಅಭ್ಯಾಸವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೈದಾನದ ಒಂದು ಕಡೆ ತರಬೇತುದಾರರು ಮೊದಲ ಸಾಲಿನ ಹನ್ನೊಂದು ಜನರನ್ನು ಕರೆಯುತ್ತಾರೆ. ಅವರ ಎದುರಿಗೆ ರಕ್ಷಣೆಯ ಮೊದಲ ಸಾಲು ನಿಲ್ಲುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬೇರೆ ಬಣ್ಣದ ಅಂಗಿ ಇರುತ್ತದೆ, ಅವನನ್ನು ಯಾರೂ ಕೆಡವಬಾರದೆಂಬುದಕ್ಕೆ ಅದು ಗುರುತು. ಒಂದಿಷ್ಟು ಆಟಗಳಾದ ಮೇಲೆ ಸೀಟಿ ಊದಿದೊಡನೆ ಆ ಗುಂಪು ಹೊರಗೆ, ಎರಡನೇ ಸಾಲು ಒಳಗೆ. ಮೂರನೇ ಸಾಲಿನ ಹುಡುಗ ಹೆಲ್ಮೆಟ್ ಹಿಡಿದು ತರಬೇತುದಾರರ ಹಿಂದೆ ನಿಂತು, ತನ್ನ ಮುಂದಿನವನು ಪಡೆದ ಸೂಚನೆಯನ್ನು ಮನಸ್ಸಿನಲ್ಲೇ ಆಡಿ ನೋಡುತ್ತಿರುತ್ತಾನೆ. ಅವನ ಪಾಲಿಗೆ ಬರುವುದು ಕೊನೆಯ ಕೆಲವು ಸರದಿಗಳು. ಸಮಯ ಮೀರಿದರೆ ಅವೂ ಇಲ್ಲ. ಪುಸ್ತಕದಲ್ಲಿ ಬರೆದ ಆಟದ ಯೋಜನೆಯನ್ನು ಎಷ್ಟೇ ಬಾಯಿಪಾಠ ಮಾಡಿದರೂ, ಎದುರಿಗೆ ನಿಂತ ರಕ್ಷಕ ಒಂದು ಹೆಜ್ಜೆ ಎಡಕ್ಕೆ ಸರಿದಾಗ ಚೆಂಡನ್ನು ಎಲ್ಲಿಗೆ ಎಸೆಯಬೇಕೆಂಬುದು ಕಾಲು ನೆಲದ ಮೇಲಿದ್ದಾಗ ಮಾತ್ರ ತಿಳಿಯುವ ಸಂಗತಿ. ಆದ್ದರಿಂದ ಡೆಪ್ತ್ ಚಾರ್ಟ್ ಆಟಗಾರರ ಯೋಗ್ಯತೆಯನ್ನು ಅಳೆದು ಬರೆದ ಪಟ್ಟಿ ಎಷ್ಟೋ, ಮುಂದೆ ಯಾರು ಯೋಗ್ಯರಾಗಬಹುದು ಎಂಬುದನ್ನು ತೀರ್ಮಾನಿಸುವ ಪಟ್ಟಿಯೂ ಅಷ್ಟೇ ಆಗಿದೆ.

ಈ ಹಂಚಿಕೆಗೆ ವಸಂತ ಋತುವಿನಲ್ಲಿ ಇರುವ ಸಮಯ ತೀರಾ ಕಡಿಮೆ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ನಿಯಮದ ಪ್ರಕಾರ 34 ದಿನಗಳ ಅವಧಿಯಲ್ಲಿ 15 ಅಭ್ಯಾಸಗಳನ್ನು ಮಾತ್ರ ನಡೆಸಬಹುದು. ಬಹುಪಾಲು ತಂಡಗಳು ಮಾರ್ಚ್‌ನಲ್ಲಿ ಆರಂಭಿಸಿ ಏಪ್ರಿಲ್ ಮಧ್ಯಭಾಗದ ಹೊತ್ತಿಗೆ ಮುಗಿಸುತ್ತವೆ. ಎದುರಾಳಿ ತಂಡವೆಂಬುದೇ ಇರುವುದಿಲ್ಲ. 2025ರಲ್ಲಿ ಕೊಲರಾಡೊ ತಂಡದ ತರಬೇತುದಾರ ಡಿಯಾನ್ ಸ್ಯಾಂಡರ್ಸ್ ಸಿರಾಕ್ಯೂಸ್ ತಂಡದೊಡನೆ ಜಂಟಿ ಅಭ್ಯಾಸ ನಡೆಸಲು ಮುಂದಾದಾಗ ಎನ್‌ಸಿಎಎ ಅದಕ್ಕೆ ಅನುಮತಿ ಕೊಡಲಿಲ್ಲ. ಹೀಗಾಗಿ ವಸಂತದಲ್ಲಿ ತಂಡ ಆಡುವುದು ತನ್ನೊಡನೆಯೇ. ದಾಳಿಯ ಸಾಲು ಮಿಂಚಿದರೆ ರಕ್ಷಣೆ ದುರ್ಬಲವೆಂಬ ಆತಂಕ, ರಕ್ಷಣೆ ಗೆದ್ದರೆ ದಾಳಿಯ ಬಗ್ಗೆ ಆತಂಕ. ಎರಡರಲ್ಲಿ ಯಾವುದು ನಿಜವೆಂದು ಪಂದ್ಯಗಳ ಋತು ಆರಂಭವಾಗುವ ಸೆಪ್ಟೆಂಬರ್‌ವರೆಗೆ ಗೊತ್ತಾಗುವುದಿಲ್ಲ.

ಇದಲ್ಲದೆ ಏಪ್ರಿಲ್‌ನ ಪಟ್ಟಿ ಅಪೂರ್ಣವಾದದ್ದು. ಋತು ಮುಗಿದ ಮೇಲೆ ಭುಜಕ್ಕೋ ಮಂಡಿಗೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವಸಂತದಲ್ಲಿ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ. ಅವರ ಜಾಗದಲ್ಲಿ ಮೊದಲ ಹೆಸರಾಗಿ ಕಾಣುವವನು ಆಗಸ್ಟ್‌ನಲ್ಲಿ ಎರಡನೆಯವನಾಗಬಹುದು. ಹೈಸ್ಕೂಲ್ ಓದನ್ನು ಡಿಸೆಂಬರ್‌ನಲ್ಲೇ ಮುಗಿಸಿದವರು ಜನವರಿಯಲ್ಲಿ ಬಂದು ಅಭ್ಯಾಸಕ್ಕೆ ಸೇರುತ್ತಾರೆ, ಉಳಿದ ಹೊಸಬರು ಬೇಸಿಗೆಯಲ್ಲಷ್ಟೇ ಬರುತ್ತಾರೆ. ಎಷ್ಟೋ ಪಟ್ಟಿಗಳಲ್ಲಿ ಎರಡು ಹೆಸರುಗಳ ನಡುವೆ ‘ಅಥವಾ’ ಎಂದು ಬರೆದು ಬಿಡುವುದೂ ಉಂಟು. ಇದನ್ನು ತರಬೇತುದಾರರ ಅನಿರ್ಧಾರವೆಂದು ಓದುವುದು ತಪ್ಪಾದೀತು. ಕೆಲವೊಮ್ಮೆ ಅದು ನಿಜವಾದ ಸಮಬಲ, ಕೆಲವೊಮ್ಮೆ ಇಬ್ಬರನ್ನೂ ಉಳಿಸಿಕೊಳ್ಳುವ ಪ್ರಯತ್ನ.

ಪಟ್ಟಿಯ ಮುದ್ರಿತ ರೂಪಕ್ಕೂ ಮೈದಾನದ ವಾಸ್ತವಕ್ಕೂ ಇರುವ ಅಂತರ ಅತಿ ಹೆಚ್ಚಾಗಿ ಕಾಣುವುದು ಅಫೆನ್ಸಿವ್ ಲೈನ್‌ನಲ್ಲಿ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಈ ಐವರಲ್ಲಿ ಎಡ ತುದಿಯ ಟ್ಯಾಕಲ್‌ನಿಂದ ಬಲ ತುದಿಯ ಟ್ಯಾಕಲ್‌ವರೆಗೆ ಐದು ಸ್ಥಾನಗಳಿವೆ. ಪಟ್ಟಿಯಲ್ಲಿ ಪ್ರತಿ ಸ್ಥಾನಕ್ಕೂ ಇಬ್ಬರಂತೆ ಹತ್ತು ಹೆಸರುಗಳು ಅಂದವಾಗಿ ಕೂತಿರುತ್ತವೆ. ಆದರೆ ಎಡ ಟ್ಯಾಕಲ್‌ನ ಒಳಪಕ್ಕದಲ್ಲಿ ನಿಲ್ಲುವ ಎಡ ಗಾರ್ಡ್‌ಗೆ ಪೆಟ್ಟಾದರೆ ಪಟ್ಟಿಯಲ್ಲಿ ಅವನ ಕೆಳಗಿರುವವನೇ ಒಳಗೆ ಬರುತ್ತಾನೆಂಬ ಖಾತ್ರಿಯಿಲ್ಲ. ತಂಡದಲ್ಲಿ ಆರನೆಯ ಅತ್ಯುತ್ತಮ ಲೈನ್‌ಮನ್ ಯಾರೋ ಅವನೇ ಬರುತ್ತಾನೆ. ಅವನು ಟ್ಯಾಕಲ್ ಆಡುವವನಾಗಿದ್ದರೆ, ಈಗಾಗಲೇ ಆಡುತ್ತಿರುವ ಟ್ಯಾಕಲ್ ಒಬ್ಬ ಒಳಸರಿದು ಗಾರ್ಡ್ ಆಗುತ್ತಾನೆ. ಆದ್ದರಿಂದ ಅನುಭವಿ ತರಬೇತುದಾರರು ವಸಂತದ ಹದಿನೈದು ದಿನಗಳಲ್ಲಿ ಲೈನ್‌ಮನ್‌ಗಳನ್ನು ಎರಡು ಮೂರು ಸ್ಥಾನಗಳಲ್ಲಿ ನಿಲ್ಲಿಸಿ ನೋಡುತ್ತಾರೆ. ಎರಡನೇ ಸಾಲಿನ ಕ್ವಾರ್ಟರ್‌ಬ್ಯಾಕ್‌ನ ಆಟವನ್ನು ತೂಗುವಾಗಲೂ ಇದನ್ನು ನೆನಪಿಡಬೇಕು. ಅವನನ್ನು ಕಾಯುತ್ತಿರುವವರೂ ಎರಡನೇ ಸಾಲಿನವರೇ ಆಗಿರುವುದರಿಂದ ಅವನು ಚೆಂಡನ್ನು ಆತುರದಲ್ಲಿ ಎಸೆದದ್ದು ಅವನ ದೌರ್ಬಲ್ಯವೋ, ಅವನ ಮುಂದಿನ ಐವರದೋ ಎಂಬುದನ್ನು ಪ್ರದರ್ಶನ ಪಂದ್ಯದ ಅಂಕಿಗಳಿಂದ ಹೇಳಲಾಗದು. ಅಂಥ ಪಂದ್ಯದ ಅಂಕಿಗಳನ್ನು ನೋಡಿ ತೀರ್ಪು ಕೊಡುವ ಅಭಿಮಾನಿಗಳಿಗೂ ಬರಹಗಾರರಿಗೂ ಇದೊಂದು ಮಾತು ತಿಳಿದಿದ್ದರೆ ಎಷ್ಟೋ ಹುಡುಗರಿಗೆ ನ್ಯಾಯ ಸಿಗುತ್ತಿತ್ತು.

ಎರಡನೇ, ಮೂರನೇ ಹೆಸರುಗಳಿಗೆ ಏಕೆ ಇಷ್ಟು ಬೆಲೆ ಎಂಬುದಕ್ಕೆ 2014ರ ಓಹಾಯೊ ಸ್ಟೇಟ್ ತಂಡಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ವರ್ಷದ ವಸಂತದಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಭುಜದ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದರು. ಅವರ ಹಿಂದಿನ ಸ್ಥಾನಕ್ಕೆ ಕಾರ್ಡೇಲ್ ಜೋನ್ಸ್ ಮತ್ತು ಜೆ.ಟಿ. ಬ್ಯಾರೆಟ್ ಪೈಪೋಟಿ ನಡೆಸಿದರು. ವಸಂತ ಮುಗಿದಾಗ ಜೋನ್ಸ್ ಮುಂದಿದ್ದರು, ಆಗಸ್ಟ್‌ನಲ್ಲಿ ಬ್ಯಾರೆಟ್ ಅವರನ್ನು ಹಿಂದಿಕ್ಕಿದರು. ಅದೇ ತಿಂಗಳು ಮಿಲ್ಲರ್ ಅವರ ಭುಜಕ್ಕೆ ಮತ್ತೆ ಪೆಟ್ಟಾಗಿ ಋತುವೇ ಕೈತಪ್ಪಿತು. ನವೆಂಬರ್ ಕೊನೆಯಲ್ಲಿ ಮಿಷಿಗನ್ ವಿರುದ್ಧದ ಪಂದ್ಯದಲ್ಲಿ ಬ್ಯಾರೆಟ್ ಅವರ ಕಣಕಾಲು ಮುರಿಯಿತು. ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆರಂಭಿಸಿರದ ಜೋನ್ಸ್, ವಿಸ್ಕಾನ್ಸಿನ್ ವಿರುದ್ಧ 59–0, ಅಲಬಾಮಾ ವಿರುದ್ಧ 42–35, ಕೊನೆಗೆ 2015ರ ಜನವರಿ 12ರಂದು ಒರೆಗಾನ್ ವಿರುದ್ಧ 42–20 ಅಂತರದಲ್ಲಿ ತಂಡವನ್ನು ಗೆಲ್ಲಿಸಿದರು. ರಾಷ್ಟ್ರೀಯ ಪ್ರಶಸ್ತಿಯನ್ನು ತಂದುಕೊಟ್ಟವರು ಪಟ್ಟಿಯ ಮೂರನೇ ಹೆಸರಿನವರು. ಏಪ್ರಿಲ್‌ನಲ್ಲಿ ಅವರಿಗೆ ಸಿಕ್ಕ ಸರದಿಗಳು ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಆ ಮಟ್ಟದ ಸಿದ್ಧತೆ ಸಾಧ್ಯವಿತ್ತೆಂದು ನನಗೆ ಅನಿಸುವುದಿಲ್ಲ.

ಅಲಬಾಮಾದ ಜೇಲನ್ ಹರ್ಟ್ಸ್ ಅವರದು ಇನ್ನೊಂದು ಬಗೆಯ ಉದಾಹರಣೆ. 2018ರ ಜನವರಿ 8ರ ಅಂತಿಮ ಪಂದ್ಯದ ವಿರಾಮದಲ್ಲಿ ಅವರನ್ನು ಹೊರಗಿಟ್ಟು ಹೊಸಬ ತುವಾ ಟಾಗೊವೈಲೋವಾ ಅವರನ್ನು ಇಳಿಸಲಾಯಿತು. ಅಲಬಾಮಾ ಜಾರ್ಜಿಯಾವನ್ನು 26–23ರಿಂದ ಸೋಲಿಸಿತು. ಮುಂದಿನ ಋತುವಿನಲ್ಲಿ ಎರಡನೆಯವರಾಗಿಯೇ ಉಳಿದ ಹರ್ಟ್ಸ್, ಅದೇ ಡಿಸೆಂಬರ್‌ನಲ್ಲಿ ಟಾಗೊವೈಲೋವಾ ಗಾಯಗೊಂಡಾಗ ಒಳಗೆ ಬಂದು, ಅದೇ ಜಾರ್ಜಿಯಾ ವಿರುದ್ಧ ಪಂದ್ಯವನ್ನು ತಿರುಗಿಸಿದರು. ಪದವಿ ಮುಗಿಸಿ ಅವರು ಓಕ್ಲಹೋಮಾಕ್ಕೆ ಹೋದದ್ದು ಆಮೇಲೆ.

ಇಂದು ಹರ್ಟ್ಸ್ ಅವರಂತೆ ಉಳಿಯುವವರು ವಿರಳ, ಅದಕ್ಕೆ ಆಟಗಾರರ ಸ್ವಭಾವವನ್ನು ದೂರುವುದು ಅನ್ಯಾಯ. ನಿಯಮಗಳೇ ಬದಲಾದವು. ತಂಡ ಬದಲಿಸಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಆರಂಭವಾದಾಗ, ತಂಡ ಬದಲಿಸುವ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಷರತ್ತನ್ನು ತೆಗೆದುಹಾಕಲಾಯಿತು. 2024ರಲ್ಲಿ, ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬೇಕಾದರೂ ತಂಡ ಬದಲಿಸಿ ತಕ್ಷಣ ಆಡಬಹುದೆಂದಾಯಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅಂಗೀಕರಿಸಿದ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಹಂಚಬಹುದೆಂದು ಮಿತಿಯಿತ್ತು.

ಈ ಬದಲಾವಣೆಗಳಲ್ಲಿ ಬಹುಪಾಲು ನ್ಯಾಯವಾದವು ಎಂಬುದು ನನ್ನ ಖಚಿತ ಅಭಿಪ್ರಾಯ. ತರಬೇತುದಾರರು ಕೋಟ್ಯಂತರ ಡಾಲರ್ ಪಡೆಯುತ್ತ, ಬೇಕಾದಾಗ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆಟಗಾರನನ್ನು ಮಾತ್ರ ಕಟ್ಟಿಹಾಕಿದ್ದು ಸರಿಯಿರಲಿಲ್ಲ. ಆದರೆ ಈ ನ್ಯಾಯದ ಜೊತೆಗೆ ಬಂದ ಕ್ಯಾಲೆಂಡರ್ ವಸಂತದ ಅಭ್ಯಾಸವನ್ನು ಹಾಳುಮಾಡಿತು. 2025ರವರೆಗೆ ಡಿಸೆಂಬರ್‌ನಲ್ಲಿ ಒಂದು ಅವಧಿಯೂ ವಸಂತದಲ್ಲಿ ಇನ್ನೊಂದು ಅವಧಿಯೂ ಪೋರ್ಟಲ್‌ಗೆ ಹೋಗಲು ತೆರೆದಿರುತ್ತಿದ್ದವು. 2025ರಲ್ಲಿ ಎರಡನೆಯದು ಏಪ್ರಿಲ್ 16ರಿಂದ 25ರವರೆಗೆ ಇತ್ತು. ಅಂದರೆ ಹದಿನೈದು ಅಭ್ಯಾಸ ಮುಗಿದು ಪಟ್ಟಿ ಸಿದ್ಧವಾಗುವ ಹೊತ್ತಿಗೇ ಬಾಗಿಲು ತೆರೆಯುತ್ತಿತ್ತು. ಎರಡನೆಯವನೆಂದು ಬರೆದರೆ ಅವನು ಹೊರಡುತ್ತಾನೆ. ಮೊದಲನೆಯವನೆಂದು ಬರೆದರೆ ಅವನ ಬೆಲೆ ಏರುತ್ತದೆ. ಪ್ರದರ್ಶನ ಪಂದ್ಯವನ್ನು ದೂರದರ್ಶನದಲ್ಲಿ ತೋರಿಸಿದರೆ ಬೇರೆ ತಂಡಗಳ ಕಣ್ಣು ಬೀಳುತ್ತದೆ. ಕಾಲೇಜು ತಂಡಗಳು ಡೆಪ್ತ್ ಚಾರ್ಟ್ ಪ್ರಕಟಿಸಲೇಬೇಕೆಂಬ ನಿಯಮವಿಲ್ಲದಿರುವುದರಿಂದ ತರಬೇತುದಾರರಿಗೆ ಮೌನವೇ ಸುಲಭದ ದಾರಿಯಾಯಿತು. ನೆಬ್ರಾಸ್ಕದ ತರಬೇತುದಾರ ಮ್ಯಾಟ್ ರೂಲ್ ತಮ್ಮ ಆಟಗಾರರನ್ನು ಬೇರೆಯವರು ಸೆಳೆದುಕೊಳ್ಳುವ ಭಯವನ್ನು ಬಹಿರಂಗವಾಗಿಯೇ ಹೇಳಿ 2025ರಲ್ಲಿ ಸಾಂಪ್ರದಾಯಿಕ ವಸಂತ ಪಂದ್ಯವನ್ನು ಕೈಬಿಟ್ಟರು. ಟೆಕ್ಸಸ್ ಕೂಡ ಆ ವರ್ಷ ಅಂಥ ಪಂದ್ಯ ಆಡಲಿಲ್ಲ.

ಟೆಕ್ಸಸ್‌ನಲ್ಲಿಯೇ ಆರ್ಚ್ ಮ್ಯಾನಿಂಗ್ 2023 ಮತ್ತು 2024ರಲ್ಲಿ ಕ್ವಿನ್ ಯೂವರ್ಸ್ ಅವರ ಹಿಂದೆ ಕಾದು, 2025ರಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಆದರು. ತಾಳ್ಮೆಗೆ ಇದೊಂದು ಮಾದರಿಯೆಂದು ಹಲವರು ಹೊಗಳಿದ್ದಾರೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಪ್ರಸಿದ್ಧ ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದ ಪೇಟನ್ ಮತ್ತು ಈಲೈ ಮ್ಯಾನಿಂಗ್ ಅವರ ಅಣ್ಣನ ಮಗನಿಗೆ, ಎರಡನೇ ಸಾಲಿನಲ್ಲಿದ್ದಾಗಲೂ ಜಾಹೀರಾತಿನ ಒಪ್ಪಂದಗಳಿದ್ದ ಆಟಗಾರನಿಗೆ ಕಾಯಲು ಸಾಧ್ಯವಾದದ್ದನ್ನು ಬಡ ಮನೆಯಿಂದ ಬಂದ ಮೂರನೇ ಸಾಲಿನ ಲೈನ್‌ಬ್ಯಾಕರ್ ಎಂಬ ರಕ್ಷಣೆಯ ಆಟಗಾರನಿಂದ ನಿರೀಕ್ಷಿಸುವುದು ಸರಿಯಲ್ಲ.

2025ರ ಒಪ್ಪಂದ ಇನ್ನೊಂದು ಬದಲಾವಣೆಯನ್ನೂ ತಂದಿತು, ಡೆಪ್ತ್ ಚಾರ್ಟ್‌ನ ಮಟ್ಟಿಗೆ ಅದು ಹಣದಷ್ಟೇ ಮುಖ್ಯವಾದದ್ದು. ಹಿಂದೆ ಫುಟ್‌ಬಾಲ್‌ನಲ್ಲಿ 85 ವಿದ್ಯಾರ್ಥಿವೇತನಗಳ ಮಿತಿಯಿತ್ತು, ಆದರೆ ಸ್ವಂತ ಖರ್ಚಿನಲ್ಲಿ ಓದುತ್ತ ತಂಡಕ್ಕೆ ಸೇರುವ ವಾಕ್-ಆನ್ ಆಟಗಾರರಿಂದ ದೊಡ್ಡ ತಂಡಗಳ ಬಲ 120ನ್ನೂ ದಾಟುತ್ತಿತ್ತು. ಈಗ ಒಪ್ಪಂದಕ್ಕೆ ಸೇರಿದ ತಂಡಗಳಲ್ಲಿ ಒಟ್ಟು ಆಟಗಾರರ ಸಂಖ್ಯೆಯೇ 105ಕ್ಕೆ ಸೀಮಿತ. ಮಿತಿಯಿಂದಾಗಿ ಸ್ಥಾನ ಕಳೆದುಕೊಂಡ ಆಗಿನ ಆಟಗಾರರಿಗೆ ವಿನಾಯಿತಿ ನೀಡಲಾಯಿತಾದರೂ, ಮುಂದೆ ಬರುವವರಿಗೆ ಆ ರಕ್ಷಣೆಯಿಲ್ಲ. ಎದುರಾಳಿಯ ಆಟವನ್ನು ಅನುಕರಿಸಿ ಮೊದಲ ಸಾಲಿನವರನ್ನು ಸಿದ್ಧಗೊಳಿಸುವ ಸ್ಕೌಟ್ ತಂಡದ ದುಡಿಮೆ ಬಹುಪಾಲು ವಾಕ್-ಆನ್ ಆಟಗಾರರದ್ದೇ. ಅವರಲ್ಲಿ ಕೆಲವರು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಏರಿದ್ದೂ ಉಂಟು. ಜಾರ್ಜಿಯಾಕ್ಕೆ ವಾಕ್-ಆನ್ ಆಗಿ ಬಂದು, ಎರಡು ವರ್ಷದ ಓದಿನ ಜೂನಿಯರ್ ಕಾಲೇಜಿಗೆ ಹೋಗಿ, ಮತ್ತೆ ಮರಳಿದ ಸ್ಟೆಟ್ಸನ್ ಬೆನೆಟ್ 2021ರ ಋತುವನ್ನು ಜೆ.ಟಿ. ಡೇನಿಯಲ್ಸ್ ಅವರ ಹಿಂದೆ ಆರಂಭಿಸಿ, ಸತತ ಎರಡು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. 105ರ ಲೆಕ್ಕದಲ್ಲಿ ಅಂಥ ಒಬ್ಬನಿಗೆ ಜಾಗ ಉಳಿಸಲು ತರಬೇತುದಾರನೊಬ್ಬ ಮನಸ್ಸು ಮಾಡುವುದು ಮೊದಲಿಗಿಂತ ಕಷ್ಟ. ಕಾಲೇಜು ಫುಟ್‌ಬಾಲ್ ಕಳೆದುಕೊಳ್ಳುತ್ತಿರುವ ಸಂಗತಿಗಳಲ್ಲಿ ನನಗೆ ಅತ್ಯಂತ ನೋವು ತರುವುದು ಇದು.

ಇನ್ನು 2026ರ ಹೊಸ ವ್ಯವಸ್ಥೆ. ಎನ್‌ಸಿಎಎ ವಸಂತದ ಅವಧಿಯನ್ನು ಪೂರ್ತಿಯಾಗಿ ರದ್ದುಮಾಡಿ, ಜನವರಿ 2ರಿಂದ 16ರವರೆಗೆ ಒಂದೇ ಅವಧಿಯನ್ನು ನಿಗದಿಪಡಿಸಿತು. ಅಂತಿಮ ಪಂದ್ಯ ಆಡುವ ತಂಡಗಳ ಆಟಗಾರರಿಗೆ ಕೆಲವು ದಿನಗಳ ಹೆಚ್ಚುವರಿ ಅವಕಾಶವಿದೆ, ಮುಖ್ಯ ತರಬೇತುದಾರ ಬದಲಾದ ತಂಡಗಳಿಗೂ ಪ್ರತ್ಯೇಕ ಅವಧಿಯಿದೆ. ತರಬೇತುದಾರರು ಇದನ್ನೇ ಬಹುಕಾಲದಿಂದ ಕೇಳುತ್ತಿದ್ದರು. ಮಾರ್ಚ್‌ನಲ್ಲಿ ಯಾರು ಮೈದಾನದಲ್ಲಿದ್ದಾರೋ ಅವರೇ ಸೆಪ್ಟೆಂಬರ್‌ನಲ್ಲೂ ಇರುತ್ತಾರೆಂಬ ಭರವಸೆ ಸಿಕ್ಕಮೇಲೆ ವಸಂತದ ಪಟ್ಟಿಯನ್ನು ಪ್ರಾಮಾಣಿಕವಾಗಿ ಬರೆಯಲು, ಸರದಿಗಳನ್ನು ಯೋಗ್ಯತೆಯ ಪ್ರಕಾರ ಹಂಚಲು, ‘ಅಥವಾ’ ಎಂಬುದನ್ನು ನಿಜವಾದ ಸಮಬಲಕ್ಕೆ ಮಾತ್ರ ಬಳಸಲು ಅವರಿಗೆ ಅಡ್ಡಿಯಿಲ್ಲ. ತಂಡದ ದೃಷ್ಟಿಯಿಂದ ಇದು ದೊಡ್ಡ ಸುಧಾರಣೆ.

ಆಟಗಾರನ ದೃಷ್ಟಿಯಿಂದ ನೋಡಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಉಳಿಯುವುದೋ ಹೊರಡುವುದೋ ಎಂಬ ತೀರ್ಮಾನವನ್ನು ಅವನು ಜನವರಿಯಲ್ಲೇ ಮಾಡಬೇಕು. ಆಗ ಅವನ ಕೈಯಲ್ಲಿರುವುದು ಹಿಂದಿನ ಋತುವಿನ ಅನುಭವ ಮತ್ತು ತರಬೇತುದಾರರ ಮಾತು, ಅಷ್ಟೆ. ಅದೇ ಎರಡು ವಾರಗಳಲ್ಲಿ ತಂಡ ಹೊರಗಿನಿಂದ ಯಾರನ್ನು ತರುತ್ತಿದೆ ಎಂಬುದು ಅವನಿಗೆ ಪೂರ್ತಿ ತಿಳಿದಿರುವುದಿಲ್ಲ. ಹಿಂದಿನ ವ್ಯವಸ್ಥೆಯಲ್ಲಿ ಏಪ್ರಿಲ್‌ನ ಅಭ್ಯಾಸ ಅವನಿಗೆ ಸಾಕ್ಷ್ಯವನ್ನು ಮೊದಲು ಕೊಟ್ಟು ಬಾಗಿಲನ್ನು ಆಮೇಲೆ ತೆರೆಯುತ್ತಿತ್ತು. ಈಗ ಬಾಗಿಲು ಮುಚ್ಚಿದ ನಂತರ ಸಾಕ್ಷ್ಯ ಸಿಗುತ್ತದೆ. ಜನವರಿಯಲ್ಲಿ ಎರಡನೆಯವನಾಗುವೆ ಎಂಬ ಮಾತು ಕೇಳಿ ಉಳಿದವನು ಏಪ್ರಿಲ್‌ನಲ್ಲಿ ತಾನು ನಾಲ್ಕನೆಯವನೆಂದು ಕಂಡುಕೊಂಡರೆ ಮುಂದಿನ ಜನವರಿಯವರೆಗೆ ಅವನಿಗೆ ಸಾಮಾನ್ಯವಾಗಿ ಬೇರೆ ದಾರಿಯಿಲ್ಲ.

ಹಾಗೆಂದು ವಸಂತದ ಅವಧಿಯನ್ನು ಮರಳಿ ತರಬೇಕೆಂದು ನಾನು ವಾದಿಸುವುದಿಲ್ಲ. ಪಟ್ಟಿ ಸಿದ್ಧವಾದ ವಾರವೇ ತಂಡ ಚದುರಿಹೋಗುವ ವ್ಯವಸ್ಥೆಯಲ್ಲಿ ಯಾರೂ ಏನನ್ನೂ ಕಲಿಯಲಾರರು. ಆದರೆ ಆಟಗಾರ ಹೊರಡುವ ಹಕ್ಕಿನ ಒಂದು ಪಾಲನ್ನು ಬಿಟ್ಟುಕೊಟ್ಟಿರುವಾಗ ತರಬೇತುದಾರನ ಕಡೆಯಿಂದಲೂ ಏನಾದರೂ ಬರಬೇಕು. ಪಟ್ಟಿಯನ್ನು ಎದುರಾಳಿಗಳಿಂದ ಮುಚ್ಚಿಡುವುದನ್ನು ಒಪ್ಪಬಹುದು, ಆಟಗಾರನಿಂದಲೇ ಮುಚ್ಚಿಡುವುದನ್ನು ಒಪ್ಪಲಾಗದು. ಜನವರಿಯ ಮಾತುಕತೆಯಲ್ಲಿ ಅವನ ಸ್ಥಾನಕ್ಕೆ ಇನ್ನೆಷ್ಟು ಜನರನ್ನು ತರುವ ಆಲೋಚನೆಯಿದೆ ಎಂಬುದನ್ನು ಹೇಳುವುದು, ವಸಂತದಲ್ಲಿ ಮೂರನೇ ಸಾಲಿಗೆ ಇಂತಿಷ್ಟು ಸರದಿ ಎಂದು ಮೊದಲೇ ತೆಗೆದಿಡುವುದು, ಹದಿನೈದನೆಯ ಅಭ್ಯಾಸ ಮುಗಿದ ಮೇಲೆ ಪ್ರತಿಯೊಬ್ಬನನ್ನೂ ಕೂರಿಸಿಕೊಂಡು ಅವನ ಕ್ರಮಾಂಕವನ್ನೂ ಅದಕ್ಕೆ ಕಾರಣವನ್ನೂ ತಿಳಿಸುವುದು, ಇವು ಯಾವ ನಿಯಮವೂ ತಡೆಯದ, ಹಣವೂ ಬೇಡದ ಕೆಲಸಗಳು.

ಹೊಸ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ತಿಳಿಯಬಯಸುವವರು ಆಗಸ್ಟ್ ಕೊನೆಯಲ್ಲಿ ಬರುವ ಮೊದಲ ಅಧಿಕೃತ ಪಟ್ಟಿಗಿಂತ ಋತುವಿನ ಮೊದಲ ತಿಂಗಳನ್ನು ಗಮನಿಸುವುದು ಒಳ್ಳೆಯದು. ರೆಡ್‌ಶರ್ಟ್ ನಿಯಮದ ಪ್ರಕಾರ ಒಬ್ಬ ಆಟಗಾರ ಋತುವಿನಲ್ಲಿ ನಾಲ್ಕು ಪಂದ್ಯಗಳವರೆಗೆ ಆಡಿಯೂ ತನ್ನ ಅರ್ಹತೆಯ ಒಂದು ವರ್ಷವನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಬಹುದು. 2018ರಿಂದ ಇರುವ ಈ ಅವಕಾಶ ಎರಡನೇ, ಮೂರನೇ ಸಾಲಿನ ಯುವಕರಿಗೆಂದೇ ಬಂದದ್ದು. ಸೆಪ್ಟೆಂಬರ್‌ನ ಆರಂಭದ ಪಂದ್ಯಗಳಲ್ಲಿ ತಂಡ ದೊಡ್ಡ ಅಂತರದಿಂದ ಮುಂದಿರುವಾಗ ತರಬೇತುದಾರ ಏಪ್ರಿಲ್‌ನಲ್ಲಿ ತಾನೇ ಬರೆದ ಕ್ರಮದಂತೆ ಹುಡುಗರನ್ನು ಒಳಗೆ ಕಳುಹಿಸುತ್ತಾನೋ, ಅಥವಾ ಜನವರಿಯಲ್ಲಿ ಹೆಚ್ಚು ಹಣ ಕೊಟ್ಟು ತಂದವರನ್ನೇ ಕೊನೆಯವರೆಗೂ ಮೈದಾನದಲ್ಲಿ ಉಳಿಸುತ್ತಾನೋ ಎಂಬುದರಿಂದ ಆ ಪಟ್ಟಿಯನ್ನು ಯಾವ ಉದ್ದೇಶಕ್ಕೆ ಬರೆಯಲಾಗಿತ್ತೆಂದು ತಿಳಿಯುತ್ತದೆ.